ಗಾಳಿ ನೋಡುವ ಕೆಲಸ

ಧೈರ್ಯದ ಬಗ್ಗೆ ಆಮೇಲೆ ಕೇಳಿ. ಮೊದಲು ಗಾಳಿ.
ಈಗ ಬೆಟ್ಟದ ನೆತ್ತಿಯಿಂದ ಇಳಿಯುತ್ತಿದೆ, ಸಣ್ಣಗೆ;
ಫರ್ ಮರಗಳ ತುದಿ ಇನ್ನೂ ಕಣಿವೆಯ ಕಡೆಗೇ ಬಾಗಿವೆ.
ಇಂಥ ಗಾಳಿ ನೆಚ್ಚುವಂಥದ್ದಲ್ಲ,
ಹಾರಿದವರನ್ನು ಎತ್ತುವ ಬದಲು ಒತ್ತುತ್ತದೆ.
ಮೇಲೆ ಅಡ್ಡಪಟ್ಟಿಯ ಮೇಲೆ ಕೂತಿದ್ದಾಳೆ
ಹದಿನೈದರ ತಿನ್ಕಾರಾ,
ನನ್ನ ಕೈಯ ಬಾವುಟವನ್ನೇ ನೋಡುತ್ತ.
ಕಾಯಲಿ.

ಹನ್ನೊಂದು ಚಳಿಗಾಲದ ಹಿಂದೆ ಆ ಪಟ್ಟಿಯ ಮೇಲೆ ನಾನಿದ್ದೆ,
ಎದೆಗೆ ಇಪ್ಪತ್ತೇಳನೆಯ ನಂಬರು,
ಕೆಳಗೆ ಸವಿನ್ಯಾ ನದಿ, ಗಂಜಿಯ ಹಾಗೆ ಹೆಪ್ಪುಗಟ್ಟಿ.
ಮೂರು ಸೆಕೆಂಡು ಎಲ್ಲ ಸರಿಯಿತ್ತು.
ನಾಲ್ಕನೆಯದರಲ್ಲಿ ಎಡಗಾಲಿನ ಸ್ಕೀ ಕೆಳಗೆ ಗಾಳಿ ಖಾಲಿಯಾಯಿತು,
ಕತ್ತಲಲ್ಲಿ, ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರಿದ್ದಾರೆ.
ನನಗೆ ಮೀಸೆಯಿಲ್ಲ; ಅಲ್ಲಿ ಮಣ್ಣೂ ಇರಲಿಲ್ಲ.
ಬಾಯ್ತುಂಬ ಹಿಮ,
ಮತ್ತೆ ಸೊಂಟದಿಂದ ಕೆಳಗೆ ಒಂದು ಮೌನ,
ಊರಿಗೆ ಊರೇ ಫೋನೆತ್ತದ ಹಾಗೆ.

ಅಪ್ಪ ಅಡುಗೆಮನೆಯ ಕಪಾಟು ಕೊಯ್ದು
ಒಂದೂವರೆ ಅಡಿ ಕೆಳಗಿಳಿಸಿದ.
ಬಗ್ಗಿ ಬಗ್ಗಿ ಅಮ್ಮನಿಗೆ ಬೆನ್ನುನೋವು;
ಇಬ್ಬರೂ ಅದನ್ನು ನನ್ನಿಂದ ಮುಚ್ಚಿಟ್ಟರು.
ಬಚ್ಚಲ ಕನ್ನಡಿಯೊಂದು ಮರೆತುಹೋಗಿತ್ತು.
ಏಳು ತಿಂಗಳು ಅದರಲ್ಲಿ ನನಗೆ ಕಂಡದ್ದು
ನನ್ನ ಹಣೆ, ಹಿಂದಿನ ಗೋಡೆಯ ಬಿರುಕು.
ಅಷ್ಟೇ ಸಾಕಾಗಿತ್ತು ಆಗ.

ಸ್ಕೀಗಳನ್ನು ಸುಟ್ಟುಬಿಡು ಅಂದೆ.
ಹೂಂ ಅಂದ.
ಮೇ ತಿಂಗಳಲ್ಲಿ ಕಿಟಕಿ ತೆಗೆದರೆ
ಹಿತ್ತಲಲ್ಲಿ ನಿಂತಿವೆ ಎರಡೂ, ನೆಟ್ಟಗೆ,
ಹುರುಳಿಕಾಯಿ ಬಳ್ಳಿಗೆ ಊರುಗೋಲಾಗಿ!
ಕಿರುಚಿದೆ. ತಟ್ಟೆ ಎಸೆದೆ. ಎರಡು ದಿನ ಮಾತು ಬಿಟ್ಟೆ.
ಅವನು ಕುಡುಗೋಲು ಒರೆಸುತ್ತ ಹೇಳಿದ್ದು ಇಷ್ಟು:
‘ಗಟ್ಟಿ ಸಾಮಾನು ಕಣೇ ಯೆರ್ನೇಯಾ, ಸುಡೋಕೆ ಮನಸ್ಸು ಬರಲಿಲ್ಲ.’
ಆ ಮಾತಿನಲ್ಲಿ ಹುರುಳಿತ್ತೋ ಏನೋ.
ಕಾಯಿ ಮಾತ್ರ ಚೆನ್ನಾಗಿ ಬಂತು.
ಇದರಲ್ಲಿ ನೀತಿ ಹುಡುಕಬೇಡಿ,
ಸೂಪು ಮಾಡಿದೆವು, ಉಪ್ಪು ಜಾಸ್ತಿಯಾಗಿತ್ತು.

ರಾಜಧಾನಿಯಿಂದ ಕ್ಯಾಮೆರಾ ಹೊತ್ತು ಬರುವವರು
ತಪ್ಪದೆ ಕೇಳುತ್ತಾರೆ: ಕನಸಿನಲ್ಲಿ ಹಾರುತ್ತೀರಾ?
ಇಲ್ಲ. ಮೆಟ್ಟಿಲು ಹತ್ತುತ್ತೇನೆ.
ಮುನ್ನೂರ ಹನ್ನೆರಡು, ಸ್ಕೀ ಹೆಗಲ ಮೇಲೆ,
ಬೂಟು ಕಚ್ಚುತ್ತ, ಮೀನಖಂಡ ಉರಿಯುತ್ತ,
ಲಿಫ್ಟು ಕೆಟ್ಟಿದ್ದಕ್ಕೆ ಕ್ಲಬ್ಬಿನವರ ವಂಶಕ್ಕೆಲ್ಲ ಶಾಪ ಹಾಕುತ್ತ.
ಎಚ್ಚರಾದಾಗ ಆ ಉರಿಗಾಗಿ ಅಳುತ್ತೇನೆ, ಕೆಲವು ಸಲ.
ಹಾರಾಟ ಯಾಕೋ ನೆನಪಿಗೇ ಬರುವುದಿಲ್ಲ.

ಇರಿ.
ಕತ್ತಿನ ಹಿಂದೆ ತಣ್ಣಗೆ ತಾಕಿತು.
ಕಣಿವೆಯಿಂದ ಏರಿ ಬರುತ್ತಿದೆ; ಫರ್ ತುದಿ ತಿರುಗಿತು.
ಗಾಳಿ ತಿಳಿಯುವಷ್ಟು ಮೈ ನನ್ನಲ್ಲಿ ಬೇಕಾದಷ್ಟು ಉಳಿದಿದೆ.
ಗಾಲಿಗಳಿಗೆ ಸರಪಳಿ ಬಿಗಿದಿದೆ, ಕುರ್ಚಿ ಅಲುಗದು,
ಅಲುಗುವುದು ಕೈ. ಪ್ರತಿ ಸಲವೂ.
ನೀವು ಕೇಳಿದ ಧೈರ್ಯ ಬೇಕಾಗುವುದು ಈಗ,
ಯಾರದೋ ಮಗಳಿಗೆ, ಆ ಇಳಿಜಾರಿಗೇ,
ಹೋಗು ಅನ್ನುವಾಗ.

ಬೀಸಿದೆ.

ಪಟ್ಟಿ ಬಿಟ್ಟಳು. ಹಳಿಯ ಮೇಲೆ ಕರಕರ.
ತಲೆಯ ಮೇಲೆ ಹಾದುಹೋದ ಒಂದು ನೆರಳು,
ಆಮೇಲೆ ಏನೂ ಇಲ್ಲ.
ನಾನು ಹಿಂದಿರುಗಿ ನೋಡುವುದಿಲ್ಲ, ಕಿವಿಗೊಡುತ್ತೇನೆ:
ಒಂದು, ಎರಡು, ಮೂರು,
ನಾಲ್ಕು—

ಚಟ್ಟನೆ ಎರಡು ಸ್ಕೀ ಹಿಮ ಮುಟ್ಟಿದ ಸದ್ದು.

ಉಸಿರು ಬಿಟ್ಟೆ. ಕೈಗವಸು ಒಳಗೆಲ್ಲ ಒದ್ದೆ.
ಮುಂದಿನವಳು ಯಾರು?
ಬೇಗ ಬರಹೇಳಿ, ಗಾಳಿ ಮನಸ್ಸು ಬದಲಿಸುವ ಮೊದಲು.